ಎರಡಕ್ಷರದ ಸೋಮಾರಿಗಳು

ಜಗತ್ತಿನಲ್ಲಿ ಅತ್ಯಂತ ಶ್ರಮಜೀವಿ ಯಾರು ಎಂದರೆ ನೀವು ರೈತ ಎನ್ನುತ್ತೀರಿ, ಗೃಹಿಣಿ ಎನ್ನುತ್ತೀರಿ. ಒಪ್ಪಿದೆ. ಆದರೆ ಮೌಸ್ ಹಿಡಿದು ಫೈಲ್ ಹುಡುಕುವವರನ್ನೂ ದಯವಿಟ್ಟು ಆ ಪಟ್ಟಿಗೆ ಸೇರಿಸಿ. ‘ಡಾಕ್ಯುಮೆಂಟ್ಸ್’ ಮೇಲೆ ಎರಡು ಸಲ ಕುಟ್ಟಿ, ಒಳಗಿನ ‘ಆಫೀಸ್’ ಮೇಲೆ ಎರಡು ಸಲ ಕುಟ್ಟಿ, ಅದರೊಳಗೆ ‘ಹಳೇದು’, ಅದರೊಳಗೆ ‘ಹಳೇದು ಹೊಸದು’, ಅದರೊಳಗೆ ‘ಫೈನಲ್’, ಅದರ ಮಗ್ಗುಲಲ್ಲೇ ‘ಫೈನಲ್ 2’ ಎಂದು ಇಳಿದು ಇಳಿದು, ತಳ ಮುಟ್ಟಿದ ಮೇಲೆ ಫೈಲ್ ಅಲ್ಲಿಲ್ಲವೆಂದು ತಿಳಿದು, ಬಾಣದ ಗುರುತನ್ನು ಒತ್ತೊತ್ತಿ ಮತ್ತೆ ಮೇಲೆ ಹತ್ತಿ, ಬೇಸರವಿಲ್ಲದೆ ‘ಡೌನ್‌ಲೋಡ್ಸ್’ಗೆ ಇಳಿಯುತ್ತಾರಲ್ಲ, ಆ ತಾಳ್ಮೆಯನ್ನು ಬೇರೆ ಕಡೆ ಹಾಕಿದ್ದರೆ ಇಷ್ಟು ಹೊತ್ತಿಗೆ ಸಂಗೀತದಲ್ಲಿ ಸೀನಿಯರ್ ಪಾಸಾಗಿರುತ್ತಿದ್ದರು.

ಇನ್ನೊಂದು ಪಂಗಡವಿದೆ. ಇವರು ಟರ್ಮಿನಲ್ ಎಂಬ ಕಪ್ಪು ಪರದೆಯ ಮುಂದೆ ಕೂತು ಟಕಟಕ ಎನ್ನಿಸುತ್ತಿರುತ್ತಾರೆ. ಸಿನಿಮಾದಲ್ಲಿ ಇಂಥವರನ್ನು ತೋರಿಸುವಾಗ ಹಿನ್ನೆಲೆಯಲ್ಲಿ ಢಂಢಂ ಸಂಗೀತ ಬರುತ್ತದೆ, ಎದುರಿಗೆ ಬ್ಯಾಂಕಿನ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಂಬಬೇಡಿ. ನಿಜಜೀವನದಲ್ಲಿ ಅವರು ಹುಡುಕುತ್ತಿರುವುದೂ ಅದೇ ‘ಫೈನಲ್ 2’ನ್ನೇ. ವ್ಯತ್ಯಾಸ ಇಷ್ಟೇ, ಅವರು ಪರಮ ಸೋಮಾರಿಗಳು. ಬೈಗುಳವೆಂದು ತಿಳಿಯಬೇಡಿ, ಪರ್ಲ್ ಭಾಷೆಯನ್ನು ರೂಪಿಸಿದ ಲ್ಯಾರಿ ವಾಲ್, ಪ್ರೋಗ್ರಾಮರ್‌ಗೆ ಇರಬೇಕಾದ ಸದ್ಗುಣಗಳಲ್ಲಿ ಮೊದಲ ಸ್ಥಾನವನ್ನು ಸೋಮಾರಿತನಕ್ಕೇ ಕೊಟ್ಟಿದ್ದಾರೆ. ನಮ್ಮ ಅಕ್ಕನ ಮಗ ಈ ಪಂಗಡದ ನಿಷ್ಠಾವಂತ ಸದಸ್ಯ. ನೀರು ಕುಡಿಯಲು ಎದ್ದು ಹೋಗಲೂ ಬೇಸರಪಡುವ ಹುಡುಗ, ಮೌಸ್ ಮುಟ್ಟಬೇಕೆಂದರೆ ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಳ್ಳುತ್ತಾನೆ.

ಈ ಸೋಮಾರಿತನದ ಮೂಲ ಹುಡುಕಿದರೆ ಅಮೆರಿಕದ ನ್ಯೂಜೆರ್ಸಿಗೆ, ಮರ್ರೆ ಹಿಲ್‌ನ ಬೆಲ್ ಲ್ಯಾಬ್ಸ್‌ಗೆ ಹೋಗಬೇಕು. 1969ರಲ್ಲಿ ಅಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಸಂಗಡಿಗರು ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟಲು ಕೂತಾಗ, ಕಂಪ್ಯೂಟರಿಗೆ ಮಾತು ಹೇಳಲು ಇದ್ದ ಸಾಧನ ಟೆಲಿಟೈಪ್. ಕಾಗದದ ಮೇಲೆ ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುವ ಗಡಗಡ ಯಂತ್ರ ಅದು. ಅದರ ಕೀಲಿಗಳನ್ನು ಸವರಿದರೆ ಸಾಲದು, ಗುದ್ದಬೇಕು. ಒಂದು ಸಂಜೆ ಗುದ್ದಿದ ಮನುಷ್ಯನಿಗೆ ಮಾರನೇ ದಿನ ಉದ್ದದ ಪದಗಳ ಮೇಲಿನ ಮೋಹ ಇಳಿಯದೆ ಇರುತ್ತದೆಯೇ? ಲಿಸ್ಟ್ ಸವೆದು ಎಲ್‌ಎಸ್ ಆಯಿತು, ಕಾಪಿ ಸಿಪಿ ಆಯಿತು, ಮೂವ್ ಎಂವಿ ಆಯಿತು, ರಿಮೂವ್ ಆರ್‌ಎಂ ಆಯಿತು. ದಾರಿಯಲ್ಲಿ ಸಿಕ್ಕ ಸ್ವರಗಳನ್ನೆಲ್ಲ ಹೊರಗಟ್ಟಿದರು. ಯುನಿಕ್ಸನ್ನು ಮತ್ತೊಮ್ಮೆ ಕಟ್ಟುವುದಾದರೆ ಏನು ಬದಲಿಸುತ್ತೀರಿ ಎಂದು ಮುಂದೊಮ್ಮೆ ಥಾಂಪ್ಸನ್ನರನ್ನು ಕೇಳಿದಾಗ, ‘ಕ್ರಿಯೇಟ್’ ಪದಕ್ಕೆ ಕೊನೆಯ ‘ಇ’ ಸೇರಿಸುತ್ತೇನೆ ಎಂದರಂತೆ. ಹೌದು, ಆ ಒಂದಕ್ಷರವನ್ನೂ ಉಳಿಸಿದ್ದರು ಮಹಾರಾಯರು.

ಇವರ ಜಿಪುಣತನ ಟೈಪ್ ಮಾಡುವುದಕ್ಕೆ ನಿಲ್ಲಲಿಲ್ಲ, ಕಂಪ್ಯೂಟರಿನ ಬಾಯಿಗೂ ಬೀಗ ಹಾಕಿದರು. ನೀವು ಹೊಸ ಫೋಲ್ಡರ್ ಮಾಡಿ ಎಂದು ಆಜ್ಞೆ ಕೊಟ್ಟು ಎಂಟರ್ ಒತ್ತಿದರೆ ಅದು ‘ಆಯಿತು’ ಎನ್ನುವುದಿಲ್ಲ, ‘ಸರಿ’ ಎನ್ನುವುದಿಲ್ಲ. ಸುಮ್ಮನೆ ಮುಂದಿನ ಸಾಲಿಗೆ ಬಂದು ನಿಲ್ಲುತ್ತದೆ. ಅಲ್ಲಿ ಉತ್ತರ ಬರದಿದ್ದರೆ ಕೆಲಸ ಆಯಿತೆಂದು ಅರ್ಥ. ನಮ್ಮ ಕಡೆ ಉತ್ತರ ಬರದಿದ್ದರೆ ಅರ್ಜಿ ಕಳೆದುಹೋಯಿತೆಂದು ಅರ್ಥ. ಹಾಗಾಗಿ ಕನ್ನಡ ದೇಶದಿಂದ ಹೊಸದಾಗಿ ಟರ್ಮಿನಲ್‌ಗೆ ಹೋದವರು ಅನುಮಾನದಿಂದ ಅದೇ ಆಜ್ಞೆಯನ್ನು ಇನ್ನೊಂದು ಸಲ ಕೊಡುತ್ತಾರೆ. ಆಗ ಅದು ಬಾಯಿ ಬಿಡುತ್ತದೆ: ಆ ಫೋಲ್ಡರ್ ಆಗಲೇ ಇದೆಯಲ್ಲ!

ತೊಂಬತ್ತರ ದಶಕದಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಏಸಿ ಕೋಣೆಯೊಳಗೆ ನಡುಗುತ್ತಾ ಕಂಪ್ಯೂಟರ್ ಕ್ಲಾಸ್ ಮಾಡಿದವರಿಗೆ ಡಾಸ್‌ನ ಎಂಡಿ, ಸಿಡಿ, ಆರ್‌ಡಿ ನೆನಪಿರಬೇಕು. ಎಂಡಿ ಡಾಕ್ಟರದ್ದಲ್ಲ, ಫೋಲ್ಡರ್ ಹುಟ್ಟಿಸುವುದು. ಆರ್‌ಡಿ ಪೋಸ್ಟಾಫೀಸಿನದ್ದಲ್ಲ, ಫೋಲ್ಡರ್ ಅಳಿಸುವುದು. ಸಿಡಿ ಎಂದೊಡನೆ ಕರ್ನಾಟಕದ ರಾಜಕಾರಣ ನೆನಪಾದರೆ ತಪ್ಪು ನಿಮ್ಮದಲ್ಲ. ಇದು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋಗುವ ಸಾಧು ಆಜ್ಞೆ, ಇದರಿಂದ ಯಾರ ಕುರ್ಚಿಯೂ ಅಲುಗಿಲ್ಲ. ಯುನಿಕ್ಸ್ ಕಡೆ ಪಿಡಬ್ಲ್ಯುಡಿ ಎಂಬುದೊಂದಿದೆ. ರಸ್ತೆ ಹಾಕುವ ಇಲಾಖೆಯಲ್ಲ. ನೀವೀಗ ನಿಂತಿರುವ ಜಾಗದ ಪೂರ್ತಿ ವಿಳಾಸ ಹೇಳುವ ಆಜ್ಞೆ. ಜೊತೆಗೆ ಹೂಆಮ್‌ಐ ಎಂದು ಟೈಪ್ ಮಾಡಿದರೆ ನೀವು ಯಾರೆಂಬುದನ್ನೂ ಹೇಳುತ್ತದೆ. ನಾನು ಯಾರು, ಎಲ್ಲಿದ್ದೇನೆ ಎಂಬ ಎರಡು ಪ್ರಶ್ನೆಗೆ ಉತ್ತರ ಹುಡುಕುತ್ತಾ ಎಷ್ಟು ಜನ ಹಿಮಾಲಯ ಹತ್ತಿದರೋ, ಇಲ್ಲಿ ಎರಡು ಸಲ ಎಂಟರ್ ಒತ್ತಿದರೆ ಮುಗಿಯಿತು.

ಈ ಸಿಡಿಯ ಪೂರ್ವಾಶ್ರಮದ ಕಥೆ ಸ್ವಾರಸ್ಯವಾಗಿದೆ. ಆಗ ಅದರ ಹೆಸರು ಸಿಎಚ್‌ಡಿಐಆರ್. ಪಿಡಿಪಿ-7 ಯಂತ್ರದ ಮೇಲೆ ಯುನಿಕ್ಸ್ ಎಳೆಗೂಸಾಗಿದ್ದಾಗ, ಪ್ರತಿ ಆಜ್ಞೆಗೂ ಒಂದು ಮರಿ ಪ್ರಕ್ರಿಯೆ ಹುಟ್ಟಿ, ಕೆಲಸ ಮುಗಿಸಿ, ಸಾಯುವ ಹೊಸ ವ್ಯವಸ್ಥೆ ತಂದರು. ಎಲ್ಲರೂ ಹಿಗ್ಗಿನಲ್ಲಿದ್ದಾಗ ಈ ಆಜ್ಞೆ ಕೆಲಸ ನಿಲ್ಲಿಸಿತು. ಎಷ್ಟು ಸಲ ಕೊಟ್ಟರೂ ನಿಂತಲ್ಲೇ ನಿಂತಿರುತ್ತಿದ್ದರು. ಕೋಡ್ ಓದಿದರು, ತಲೆ ಕೆರೆದುಕೊಂಡರು. ಕೊನೆಗೆ ಗುಟ್ಟು ಹೊಳೆಯಿತೆಂದು ರಿಚಿಯವರೇ ಬರೆದಿದ್ದಾರೆ: ಆಜ್ಞೆ ಸರಿಯಾಗಿಯೇ ನಡೆಯುತ್ತಿತ್ತು, ಆದರೆ ಹೊಸ ಫೋಲ್ಡರಿಗೆ ಹೋಗುತ್ತಿದ್ದದ್ದು ಮರಿ. ಅದು ಅಲ್ಲಿಗೆ ತಲುಪಿದ ತಕ್ಷಣ ಪ್ರಾಣ ಬಿಡುತ್ತಿತ್ತು. ತಾಯಿ ಮಾತ್ರ ಕೂತಲ್ಲಿಂದ ಕದಲುತ್ತಿರಲಿಲ್ಲ. ಅಂದಿನಿಂದ ಈ ಆಜ್ಞೆಯನ್ನು ಮರಿಗಳಿಗೆ ವಹಿಸದೆ ತಾಯಿಯೇ, ಎಂದರೆ ನಮ್ಮ ಆಜ್ಞೆ ಕೇಳಿಸಿಕೊಂಡು ನಡೆಸುವ ಶೆಲ್ಲೇ, ಖುದ್ದಾಗಿ ಮಾಡುತ್ತದೆ. ಇಂದಿಗೂ ನೀವು ಒಂದು ಸ್ಕ್ರಿಪ್ಟ್ ಬರೆದು ಅದರೊಳಗೆ ಸಿಡಿ ಹಾಕಿ ಓಡಿಸಿದರೆ, ಸ್ಕ್ರಿಪ್ಟ್ ಮುಗಿದ ಮೇಲೆ ಮೊದಲಿದ್ದಲ್ಲೇ ಇರುತ್ತೀರಿ. ಹೋದದ್ದು ಮರಿ, ನೀವಲ್ಲ. ನೀವೂ ಹೋಗಬೇಕಾದರೆ ಅದನ್ನು ‘ಸೋರ್ಸ್’ ಎಂಬ ಆಜ್ಞೆಯ ಮೂಲಕ ಓಡಿಸಬೇಕು.

ಸೋಮಾರಿತನ ಎಡವಟ್ಟಾದ ಪ್ರಸಂಗವೂ ಉಂಟು. ಪ್ರತಿ ಫೋಲ್ಡರಿನೊಳಗೂ ಎರಡು ಕಾಯಂ ನಿವಾಸಿಗಳಿದ್ದಾರೆ: ಒಂದು ಚುಕ್ಕಿ, ಎರಡು ಚುಕ್ಕಿ. ಒಂದು ಚುಕ್ಕಿ ಎಂದರೆ ಈ ಫೋಲ್ಡರ್, ಎರಡು ಚುಕ್ಕಿ ಎಂದರೆ ಇದರ ಮೇಲಿನದು. ಪಟ್ಟಿ ಕೊಡುವಾಗ ಇವೆರಡು ಯಾಕೆ ಅಡ್ಡ ಬರಬೇಕೆಂದು, ಎಲ್‌ಎಸ್ ಬರೆದವರು ಹೆಸರಿನ ಮೊದಲಕ್ಷರ ಚುಕ್ಕಿಯಾಗಿದ್ದರೆ ತೋರಿಸಬೇಡ ಎಂದು ಒಂದೇ ಮಾತಲ್ಲಿ ಮುಗಿಸಿಬಿಟ್ಟರು. ಪೂರ್ತಿ ಹೆಸರು ನೋಡುವ ಕಷ್ಟ ಯಾರಿಗೆ ಬೇಕು? ಪರಿಣಾಮವಾಗಿ ಚುಕ್ಕಿಯಿಂದ ಶುರುವಾಗುವ ಎಲ್ಲ ಫೈಲುಗಳೂ ಮಾಯವಾದವು. ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ 2012ರಲ್ಲಿ ಇದನ್ನು ನೆನೆಸಿಕೊಂಡು, ಅಡ್ಡದಾರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಕೊಟ್ಟರು. ಏನಾಯಿತೆಂದು ನೋಡಬೇಕಾದರೆ ನಿಮ್ಮ ಹೋಮ್ ಫೋಲ್ಡರಿನಲ್ಲಿ ನಿಂತು ‘ಎಲ್‌ಎಸ್ -ಎ’ ಕೊಡಿ. ಎಂದೋ ಒಂದು ಸಲ ತೆರೆದು ಮರೆತ ತಂತ್ರಾಂಶಗಳೆಲ್ಲ ಚುಕ್ಕಿ ಇಟ್ಟುಕೊಂಡು ಬಾಡಿಗೆಯಿಲ್ಲದೆ ಬೀಡುಬಿಟ್ಟಿರುತ್ತವೆ.

ಇನ್ನು ಓಡಾಟದ ಉಪಾಯಗಳು. ಬರೀ ಸಿಡಿ ಎಂದು ಕೊಟ್ಟು ಎಂಟರ್ ಒತ್ತಿದರೆ ಯುನಿಕ್ಸ್‌ನಲ್ಲಿ ನೇರ ಹೋಮ್‌ಗೆ ಬರುತ್ತೀರಿ. ಡಾಸ್‌ನಲ್ಲಿ ಅದೇ ಆಜ್ಞೆ ನೀವೆಲ್ಲಿದ್ದೀರೆಂದು ಹೇಳಿ ಸುಮ್ಮನಾಗುತ್ತಿತ್ತು. ಹೋಮ್‌ಗೆ ~ ಎಂಬ ಸುಳಿಯ ಗುರುತಿದೆಯಲ್ಲ, ಅದರ ಹಿಂದೆ ಘನವಾದ ತತ್ವ ಇರಬೇಕೆಂದು ನೀವು ಭಾವಿಸಿದ್ದರೆ ಕ್ಷಮಿಸಿ: ಎಪ್ಪತ್ತರ ದಶಕದಲ್ಲಿ ಬರ್ಕ್ಲಿಯ ಬಿಲ್ ಜಾಯ್ ಬಳಸುತ್ತಿದ್ದ ಎಡಿಎಂ-3ಎ ಎಂಬ ಟರ್ಮಿನಲ್‌ನ ಕೀಲಿಮಣೆಯಲ್ಲಿ ‘ಹೋಮ್’ ಎಂಬ ಬರಹವೂ ಆ ಸುಳಿಯೂ ಒಂದೇ ಕೀಲಿಯ ಮೇಲಿದ್ದವು. ಅಷ್ಟೇ. ಆ ಕೀಲಿಮಣೆ ಮ್ಯೂಸಿಯಂ ಸೇರಿದರೂ ಸುಳಿ ಉಳಿದುಕೊಂಡಿತು.

‘ಸಿಡಿ -’ ಎಂದು ಒಂದು ಅಡ್ಡಗೆರೆ ಸೇರಿಸಿದರೆ ಈ ಮುಂಚೆ ಇದ್ದ ಫೋಲ್ಡರಿಗೆ ಹಿಂದಿರುಗುತ್ತೀರಿ. ಮತ್ತೆ ಅದನ್ನೇ ಕೊಟ್ಟರೆ ಮತ್ತೆ ಇತ್ತ. ಎರಡು ಪಕ್ಷಗಳ ನಡುವೆ ಓಡಾಡುವವರಿಗೆ ಹೇಳಿಮಾಡಿಸಿದ ಆಜ್ಞೆ. ಮೂರು ನಾಲ್ಕು ಕಡೆ ಓಡಾಡುವವರಿಗೆ ಪುಷ್‌ಡಿ, ಪಾಪ್‌ಡಿ ಎಂಬ ಜೋಡಿ ಇದೆ. ಪುಷ್‌ಡಿ ಕೊಟ್ಟು ಹೊರಟರೆ ಬಿಟ್ಟ ಜಾಗವನ್ನು ಒಂದರ ಮೇಲೊಂದು ಪೇರಿಸಿ ನೆನಪಿಟ್ಟುಕೊಳ್ಳುತ್ತದೆ. ಪಾಪ್‌ಡಿ ಕೊಟ್ಟಂತೆಲ್ಲ ಮೇಲಿನದರಿಂದ ಶುರುಮಾಡಿ ಬಂದ ದಾರಿಯಲ್ಲೇ ವಾಪಸ್ಸು ಕರೆದೊಯ್ಯುತ್ತದೆ. ಇವು ಯಾವುವೂ ಬೇಡವೆಂದರೆ ಟ್ಯಾಬ್ ಕೀಲಿಯನ್ನಾದರೂ ಒತ್ತಿ. ಹೆಸರಿನ ಮೊದಲೆರಡು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಅದೇ ತುಂಬುತ್ತದೆ. ಟ್ಯಾಬ್ ಒತ್ತದೆ ಪೂರ್ತಿ ಹೆಸರು ಟೈಪ್ ಮಾಡುವವರನ್ನು ಕಂಡರೆ ನನ್ನ ಅಳಿಯನಿಗೆ ಕರುಳು ಕಿತ್ತು ಬರುತ್ತದೆ.

ಅವನಿಗೆ ಇದೂ ಸಾಲದು. “ಮಾವ, ಈಗೆಲ್ಲ ಯಾರು ದಾರಿ ಪೂರ್ತಿ ಬರೀತಾರೆ? ಝಡ್ ಅಂತ ಹಾಕಿ ಹೆಸರಿನ ಒಂದು ಚೂರು ಕೊಟ್ಟರೆ ಸಾಕು, ಅದೇ ಕರಕೊಂಡು ಹೋಗತ್ತೆ” ಎಂದ.

“ಯಾವ ಫೋಲ್ಡರ್ ಅಂತ ಅದಕ್ಕೆ ಹ್ಯಾಗೋ ಗೊತ್ತಾಗತ್ತೆ?”

“ನಾನು ಎಲ್ಲಿಗೆ ಪದೇ ಪದೇ ಹೋಗ್ತೀನಿ, ಇತ್ತೀಚೆಗೆ ಯಾವಾಗ ಹೋಗಿದ್ದೆ ಅಂತ ಲೆಕ್ಕ ಇಟ್ಟಿರತ್ತೆ ಮಾವ.”

ಈ ಲೆಕ್ಕವನ್ನು ಕೇಳಿ ನಾನು ಬೆರಗಾದೆ. ಈ ಝಡ್ ಹಿಂದಿರುವ ಝಾಕ್ಸೈಡ್ ಎಂಬ ಸಾಧನದ ಪದ್ಧತಿ ಹೀಗಿದೆ: ಒಂದು ಫೋಲ್ಡರಿಗೆ ಹೋದಾಗಲೆಲ್ಲ ಅದಕ್ಕೊಂದು ಅಂಕ. ಕಳೆದ ಒಂದು ಗಂಟೆಯೊಳಗೆ ಹೋಗಿದ್ದರೆ ಒಟ್ಟು ಅಂಕ ನಾಲ್ಕು ಪಟ್ಟು. ಒಂದು ದಿನದೊಳಗಾದರೆ ಎರಡು ಪಟ್ಟು. ವಾರದೊಳಗಾದರೆ ಅರ್ಧ. ಅದಕ್ಕೂ ಹಳತಾದರೆ ಕಾಲುಭಾಗ. ಇದು ಫೋಲ್ಡರಿನ ಲೆಕ್ಕವೋ ನೆಂಟಸ್ತಿಕೆಯ ಲೆಕ್ಕವೋ? ನಿನ್ನೆ ಬಂದುಹೋದ ಷಡ್ಡಕನಿಗೆ ಎರಡು ಪಟ್ಟು ಪ್ರೀತಿ, ಹೋದ ಉಗಾದಿಗೆ ಕಂಡ ಸೋದರತ್ತೆಗೆ ಕಾಲುಭಾಗ. “ಹಾಗಾದ್ರೆ ನಿನ್ನ ಲೆಕ್ಕದಲ್ಲಿ ನಮ್ಮ ಮನೆ ಎಷ್ಟಕ್ಕೆ ಇಳಿದಿದೆಯೋ?” ಎಂದು ಕೇಳಿದೆ. ಅವನು ಯುನಿಕ್ಸ್‌ನ ಸಂಪ್ರದಾಯದಂತೆ ಉತ್ತರ ಕೊಡಲಿಲ್ಲ.

ಫೋಲ್ಡರ್ ಹುಟ್ಟಿಸುವ ಕಡೆಗೆ ಬರೋಣ. ಮೌಸ್ ಹಿಡಿದವರು ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಫೋಲ್ಡರ್ ಮಾಡಬೇಕಾದರೆ ಬಲಗುಂಡಿ ಒತ್ತಿ, ‘ನ್ಯೂ’ ಒತ್ತಿ, ‘ಫೋಲ್ಡರ್’ ಒತ್ತಿ, ಹೆಸರು ಬರೆದು, ಹೀಗೆ ಹನ್ನೆರಡು ಸಲ. ಆಗಸ್ಟ್ ಹೊತ್ತಿಗೆ ಸುಸ್ತಾಗಿ ಉಳಿದ ನಾಲ್ಕಕ್ಕೆ ‘ನ್ಯೂ ಫೋಲ್ಡರ್ (2)’, ‘(3)’ ಎಂದು ಬಿಟ್ಟು ಎದ್ದುಹೋಗುತ್ತಾರೆ. ಸೋಮಾರಿಗಳು ಎಂಕೆಡಿಐಆರ್ ಎಂದು ಬರೆದು, ಪುಷ್ಪಾವರಣದೊಳಗೆ 01 ಎಂದು ಎರಡು ಚುಕ್ಕಿ ಇಟ್ಟು 12 ಎಂದು ಮುಗಿಸುತ್ತಾರೆ. ಒಂದೇ ಸಾಲಿಗೆ ಹನ್ನೆರಡು ಫೋಲ್ಡರ್ ಸಾಲಾಗಿ ನಿಲ್ಲುತ್ತವೆ. ಆಜ್ಞೆಗೆ ‘-ಪಿ’ ಸೇರಿಸಿದರೆ ನಡುವಿನ ಫೋಲ್ಡರುಗಳು ಇಲ್ಲದಿದ್ದರೂ ಅವನ್ನೂ ತಾನೇ ಮಾಡಿಕೊಂಡು ಇಳಿಯುತ್ತದೆ. ಮಗನಿಗೆ ಜಾಗ ಬೇಕೆಂದರೆ ಅಪ್ಪ, ಅಜ್ಜ, ಮುತ್ತಜ್ಜರನ್ನೂ ಒಟ್ಟಿಗೇ ಸೃಷ್ಟಿಸುವ ಪವಾಡ.

ಹೆಸರಿನ ನಡುವೆ ಖಾಲಿ ಜಾಗ ಬಿಡುವವರನ್ನು ಮಾತ್ರ ಈ ಪಂಗಡ ಕ್ಷಮಿಸುವುದಿಲ್ಲ. ‘ಅಜ್ಜಿ ಹುಟ್ಟುಹಬ್ಬ’ ಎಂಬ ಒಂದು ಫೋಲ್ಡರ್ ಮಾಡಹೊರಟು ಉದ್ಧರಣ ಚಿಹ್ನೆ ಹಾಕುವುದನ್ನು ಬಿಟ್ಟರೆ, ‘ಅಜ್ಜಿ’ ಬೇರೆ, ‘ಹುಟ್ಟುಹಬ್ಬ’ ಬೇರೆ ಎಂದು ಎರಡು ಹುಟ್ಟುತ್ತವೆ. ಅಳಿಸುವಾಗಲೂ ಅದೇ ತರ್ಕ. ಹಾಗಾಗಿ ನನ್ನ ಅಳಿಯ ಎಲ್ಲದಕ್ಕೂ ನಡುವೆ ಅಡಿಗೆರೆ ಹಾಕುತ್ತಾನೆ.

ಕನ್ನಡದಲ್ಲಿ ಫೋಲ್ಡರಿಗೆ ಹೆಸರಿಡಬಹುದೇ? ಧಾರಾಳವಾಗಿ. ಆದರೆ ಲೆಕ್ಕ ಬೇರೆ. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಯಾದ ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಗುರುತಿಗೂ ಮೂರು ಬೈಟ್ ಬೇಕು. ಒತ್ತಿಗೆ ಬೇರೆ, ಗುಣಿತಕ್ಕೆ ಬೇರೆ. ‘ಸ್ತ್ರೀ’ ಎಂಬ ಒಂದಕ್ಷರದ ಮಾತಿಗೇ 18 ಬೈಟ್ ಖರ್ಚು. ಮೊತ್ತ ಕೂಡಿದರೆ 85 ಗುರುತುಗಳಿಗೆ ಹೆಸರು ಮುಗಿಯಿತು. ಇಷ್ಟು ಕೊಟ್ಟು ಬರೆದರೂ ಹೆಚ್ಚಿನ ಟರ್ಮಿನಲ್‌ಗಳು ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ ಕೊಡುವುದರಿಂದ ಒತ್ತಕ್ಷರ ಒಂದು ಕಡೆ, ಕೊಂಬು ಒಂದು ಕಡೆ ಚೆಲ್ಲಾಡಿ ನಿಲ್ಲುತ್ತವೆ. ಆದರೂ ಕನ್ನಡಿಗರಿಗೊಂದು ಸಮಾಧಾನ ಇದೆ. ವಿಂಡೋಸ್‌ನಲ್ಲಿ ಸಿ, ಓ, ಎನ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಹೆಸರನ್ನು ಫೋಲ್ಡರಿಗೆ ಇಡಲು ನೋಡಿ, ಸುತರಾಂ ಒಪ್ಪುವುದಿಲ್ಲ. ಡಾಸ್ ಕಾಲದಲ್ಲಿ ಅದು ಕೀಲಿಮಣೆ ಮತ್ತು ಪರದೆಗೆ ಕಾದಿರಿಸಿದ ಹೆಸರು. 1981ರ ಮೊದಲ ಡಾಸ್‌ನಲ್ಲಿ ಫೋಲ್ಡರ್ ಎಂಬುದೇ ಇರಲಿಲ್ಲ; 1983ರಲ್ಲಿ ಎರಡನೇ ಆವೃತ್ತಿಯ ಜೊತೆ ಅದು ಬಂತು, ಕಾದಿರಿಸಿದ ಹೆಸರು ಮಾತ್ರ ಹಾಗೇ ಉಳಿಯಿತು. ಕನ್ನಡ ಲಿಪಿಯಲ್ಲಿ ‘ಕಾನ್’ ಎಂದು ಬರೆಯಿರಿ, ವಿಂಡೋಸ್ ತುಟಿಪಿಟಕ್ಕೆನ್ನದೆ ಮಾಡಿಕೊಡುತ್ತದೆ.

ಡಿಸ್ಕ್ ತುಂಬಿದೆ ಎಂದು ಕಂಪ್ಯೂಟರ್ ರೋದಿಸಲು ಶುರುಮಾಡಿದಾಗ ತಿಂದವರು ಯಾರೆಂದು ಪತ್ತೆಹಚ್ಚಲು ಡಿಯು ಎಂಬ ಪತ್ತೇದಾರ ಇದ್ದಾನೆ. ‘ಡಿಯು -ಎಸ್‌ಎಚ್’ ಎಂದು ಮುಂದೆ ನಕ್ಷತ್ರದ ಗುರುತು ಕೊಟ್ಟರೆ ಪ್ರತಿ ಫೋಲ್ಡರಿನ ತೂಕವನ್ನು ಮೆಗಾಬೈಟ್, ಗಿಗಾಬೈಟ್ ಲೆಕ್ಕದಲ್ಲಿ ಹೇಳುತ್ತಾನೆ. ಅದನ್ನು ಪೈಪ್ ಮೂಲಕ ‘ಸಾರ್ಟ್ -ಎಚ್’ಗೆ ಕೊಟ್ಟರೆ ತೆಳ್ಳಗಿನವರು ಮೇಲೆ, ಡೊಳ್ಳುಹೊಟ್ಟೆಯವರು ಕೆಳಗೆ. ಪ್ರೋಗ್ರಾಮರ್‌ಗಳ ಯಂತ್ರದಲ್ಲಿ ಕೆಳಗೆ ಕೂರುವುದು ಬಹುಪಾಲು ‘ನೋಡ್ ಮಾಡ್ಯೂಲ್ಸ್’ ಎಂಬ ಫೋಲ್ಡರ್. ಎನ್‌ಸಿಡಿಯು ಎಂಬುದು ಇದೇ ಕೆಲಸವನ್ನು ಪಟ್ಟಿ ಕಟ್ಟಿ, ಬಾಣದ ಕೀಲಿಯಲ್ಲಿ ಒಳಗೆ ಹೊರಗೆ ಓಡಾಡುವಂತೆ ಮಾಡಿ ತೋರಿಸುತ್ತದೆ. ಟ್ರೀ ಎಂಬ ಆಜ್ಞೆ ಫೋಲ್ಡರ್, ಅದರ ಮಕ್ಕಳು, ಮೊಮ್ಮಕ್ಕಳನ್ನೆಲ್ಲ ವಂಶವೃಕ್ಷ ಬರೆದು, ಕೊನೆಗೆ ಒಟ್ಟು ಎಷ್ಟೆಂದು ಎಣಿಸಿಯೂ ಹೇಳುತ್ತದೆ. ‘-ಎಲ್ 2’ ಎಂದು ಮಿತಿ ಹಾಕದಿದ್ದರೆ ಮಾತ್ರ ಏಳನೇ ತಲೆಮಾರಿನವರೆಗೂ ಬಿಡದೆ ಓದುತ್ತದೆ.

ಅಳಿಸುವುದರಲ್ಲಿ ಎರಡು ಸ್ವಭಾವದವರಿದ್ದಾರೆ. ಆರ್‌ಎಂಡಿಐಆರ್ ಬಹಳ ಸಂಭಾವಿತ. ಫೋಲ್ಡರ್ ಪೂರ್ತಿ ಖಾಲಿ ಇದ್ದರೆ ಮಾತ್ರ ಕೈ ಹಾಕುತ್ತಾನೆ, ಒಳಗೆ ಒಂದು ಚೀಟಿ ಇದ್ದರೂ ‘ಇದು ಖಾಲಿಯಿಲ್ಲ’ ಎಂದು ಹಿಂದೆ ಸರಿಯುತ್ತಾನೆ. ಇನ್ನೊಬ್ಬ ‘ಆರ್‌ಎಂ -ಆರ್‌ಎಫ್’. ಇವನಿಗೆ ಕೇಳುವ ಅಭ್ಯಾಸವಿಲ್ಲ, ರೀಸೈಕಲ್ ಬಿನ್ ಗೊತ್ತಿಲ್ಲ, ಪಶ್ಚಾತ್ತಾಪದಲ್ಲಿ ನಂಬಿಕೆಯಿಲ್ಲ. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಇಂಥದೊಂದು ಅಳಿಸುವ ಆಜ್ಞೆಯನ್ನು ಸಿನಿಮಾದ ಮೂಲ ಫೋಲ್ಡರಿನಲ್ಲೇ ಓಡಿಸಿದರು. ತಂತ್ರಜ್ಞ ಓರೆನ್ ಜೇಕಬ್ ನೋಡನೋಡುತ್ತಿದ್ದಂತೆ ಪಾತ್ರಗಳು ಕಾಣೆಯಾಗತೊಡಗಿದವು. ಬ್ಯಾಕಪ್ ತೆಗೆದು ನೋಡಿದರೆ ಅದೂ ಕೈಕೊಟ್ಟಿತ್ತು. ಕೊನೆಗೆ ಕೈಹಿಡಿದದ್ದು, ಹೊಸದಾಗಿ ತಾಯಿಯಾಗಿದ್ದ ಗ್ಯಾಲಿನ್ ಸುಸ್ಮನ್ ಮನೆಯಿಂದ ಕೆಲಸ ಮಾಡಲು ಇಟ್ಟುಕೊಂಡಿದ್ದ ಪ್ರತಿ. ಆ ಪ್ರತಿಯಿದ್ದ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ತಂದರು. ಇಷ್ಟೆಲ್ಲ ಒದ್ದಾಡಿ ಉಳಿಸಿದ ಸಿನಿಮಾದ ಕಥೆ ಹಿಡಿಸಲಿಲ್ಲವೆಂದು ಬಹುಪಾಲನ್ನು ಆಮೇಲೆ ಅವರೇ ಹೊಸದಾಗಿ ಮಾಡಿದರು ಎಂಬುದು ಬೇರೆ ಮಾತು.

ಇಂಥ ಅನಾಹುತ ನೋಡಿಯೇ ಗ್ನೂ ಆವೃತ್ತಿಯ ಆರ್‌ಎಂ ಈಗ ಇಡೀ ವ್ಯವಸ್ಥೆಯ ಮೂಲ ಫೋಲ್ಡರನ್ನೇ (/) ಅಳಿಸು ಎಂದರೆ ಒಪ್ಪುವುದಿಲ್ಲ. ಆದರೆ ಮೂಲದ ಗುರುತಿನ ಮುಂದೆ ಒಂದು ನಕ್ಷತ್ರ ಸೇರಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ನಕ್ಷತ್ರವನ್ನು ಬಿಡಿಸಿ ಒಂದೊಂದೇ ಹೆಸರಾಗಿ ಕೊಡುವುದು ಶೆಲ್. ಪಾಪ, ಆರ್‌ಎಂ ಬಂದ ಹೆಸರನ್ನೆಲ್ಲ ಅಳಿಸುತ್ತಾ ಹೋಗುತ್ತದೆ. ಫೈಂಡ್ ಎಂಬ ಆಜ್ಞೆಯೂ ಇಷ್ಟೇ ಅಪಾಯಕಾರಿ ಆಜ್ಞಾಧಾರಕ. ‘ಖಾಲಿ ಇರುವುದನ್ನು ಹುಡುಕು, ಅಳಿಸು’ ಎಂದರೆ ಖಾಲಿ ಫೋಲ್ಡರುಗಳು ಹೋಗುತ್ತವೆ. ‘ಅಳಿಸು, ಖಾಲಿ ಇರುವುದನ್ನು ಹುಡುಕು’ ಎಂದು ಕ್ರಮ ತಪ್ಪಿಸಿದರೆ ಮೊದಲು ಎಲ್ಲವನ್ನೂ ಅಳಿಸುತ್ತದೆ, ಹುಡುಕಲು ಆಮೇಲೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಬಲ್ಲವರು ಮೊದಲು ಅಳಿಸುವ ಮಾತನ್ನೇ ಎತ್ತದೆ ಫೈಂಡ್ ಓಡಿಸಿ ಪಟ್ಟಿ ನೋಡುತ್ತಾರೆ, ಆರ್‌ಎಂ ಇರಬೇಕಾದ ಜಾಗದಲ್ಲಿ ಎಲ್‌ಎಸ್ ಹಾಕಿ ಏನೇನು ಹೋಗುತ್ತದೆಂದು ನೋಡುತ್ತಾರೆ, ಆಮೇಲೆ ಮೇಲಿನ ಬಾಣ ಒತ್ತಿ ಆಜ್ಞೆಯನ್ನು ತಿದ್ದುತ್ತಾರೆ. ಸೋಮಾರಿಗಳು ಶ್ರಮಪಡುವ ಏಕೈಕ ಜಾಗ ಇದು.

ಏಕೈಕ ಎಂದೆನೇ? ತಪ್ಪು. ನನ್ನ ಅಳಿಯ ಒಂದು ಭಾನುವಾರವಿಡೀ ಕೂತು, ಊಟಕ್ಕೆ ಕರೆದರೂ ಏಳದೆ, ಎರಡು ಕೀಲಿ ಒತ್ತುವ ಕೆಲಸವನ್ನು ಒಂದು ಕೀಲಿಗೆ ಇಳಿಸಿದ. “ಅಲ್ಲ ಕಣೋ, ಉಳಿಸಿದ ಆ ಒಂದು ಕೀಲಿಯಿಂದ ಈ ಭಾನುವಾರ ವಸೂಲಾಗೋದು ಯಾವ ಶತಮಾನಕ್ಕೆ?” ಎಂದೆ.

“ಇದನ್ನ ಇನ್ನೊಂದು ಸಲ ಮಾಡೋ ಹಾಗಿಲ್ಲವಲ್ಲ ಮಾವ, ಅದೇ ಲಾಭ” ಎಂದ.

ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಸೋಮಾರಿಗಳಲ್ಲಿ ಎರಡು ಜಾತಿ. ಒಂದು, ಮುಂದೆಂದೂ ಯೋಚಿಸುವಂತಾಗಬಾರದೆಂದು ಇವತ್ತು ಕೂತು ಯೋಚಿಸುವವರು. ಸಿಡಿಯಿಂದ ಝಾಕ್ಸೈಡ್‌ವರೆಗೆ ಎಲ್ಲವೂ ಇವರ ಮಕ್ಕಳು. ಇನ್ನೊಂದು, ಇವತ್ತು ಯೋಚಿಸುವುದು ಬೇಡ, ನಾಳೆ ನೋಡೋಣ ಎಂದು ಎಲ್ಲವನ್ನೂ ‘ಇತರೆ’ ಎಂಬ ಫೋಲ್ಡರಿಗೆ ತಳ್ಳುವವರು. ನಾವು ನೀವೆಲ್ಲ ಈ ಎರಡನೇ ಜಾತಿ. ಮೊದಲನೆಯವರು ಅರ್ಧ ಶತಮಾನ ಕಳೆದರೂ ಹೊಸ ಹೊಸ ಸಾಧನ ಮಾಡುತ್ತಲೇ ಇದ್ದಾರೆ, ಎರಡನೆಯವರು ತುಂಬುತ್ತಲೇ ಇದ್ದೇವೆ. ಸಾಧನಗಳು ಹೆಸರಿನಿಂದ ಹುಡುಕುತ್ತವೆ, ತೂಕದಿಂದ ಹುಡುಕುತ್ತವೆ, ತಾರೀಖಿನಿಂದ ಹುಡುಕುತ್ತವೆ. ಇಡುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತೆಂದು ಹುಡುಕುವ ಎರಡಕ್ಷರ ಇನ್ನೂ ಹುಟ್ಟಿಲ್ಲ.

ನಂಬಿಕೆ ಬರದಿದ್ದರೆ ಡಿಯು ಓಡಿಸಿ, ತೂಕದ ಪ್ರಕಾರ ಸಾಲು ನಿಲ್ಲಿಸಿ ನೋಡಿ. ಕೊನೆಯ ಸಾಲಿನಲ್ಲಿ ‘ಇತರೆ’ ಕೂತಿರದಿದ್ದರೆ ಎರಡರಲ್ಲಿ ಒಂದು ನಿಜ: ಒಂದೋ ನೀವು ಮೊದಲ ಜಾತಿಗೆ ಬಡ್ತಿ ಪಡೆದಿದ್ದೀರಿ, ಇಲ್ಲವೇ ಅದಕ್ಕೆ ‘ಮುಖ್ಯ’ ಎಂದು ಹೆಸರಿಟ್ಟಿದ್ದೀರಿ.